ಬೆಟ್ಟದ ದಾರಿ ಯಾರ ಸ್ವತ್ತು?

1900ನೆಯ ಇಸವಿ ಸೆಪ್ಟೆಂಬರ್ 2, ಭಾನುವಾರ. ಇಂಗ್ಲೆಂಡಿನ ಉಕ್ಕಿನ ಪಟ್ಟಣವಾದ ಶೆಫೀಲ್ಡಿನಿಂದ ರೈಲು ಹತ್ತಿದ ಹದಿನಾಲ್ಕು ಮಂದಿ ಈಡೇಲ್ ಎಂಬ ಪುಟ್ಟ ಹಳ್ಳಿಯ ನಿಲ್ದಾಣದಲ್ಲಿ ಇಳಿದರು. ಹನ್ನೊಂದು ಗಂಡಸರು, ಮೂವರು ಹೆಂಗಸರು. ಅವರನ್ನು ಕೂಡಿಸಿದ್ದು 'ಕ್ಲಾರಿಯನ್' ಎಂಬ ಸಮಾಜವಾದಿ ವಾರಪತ್ರಿಕೆಯಲ್ಲಿ ಬಂದಿದ್ದ ಒಂದು ಸಣ್ಣ ಪ್ರಕಟಣೆ. ಕಿಂಡರ್ ಸ್ಕೌಟ್ ಬೆಟ್ಟದ ಸುತ್ತ ಒಂದು ದಿನದ ನಡಿಗೆಗೆ ಬರಲು ಇಷ್ಟವಿರುವವರು ಬರಬಹುದು ಎಂದು ಅದರಲ್ಲಿ ಕರೆ ಕೊಟ್ಟಿದ್ದವನು ಜಿ.ಎಚ್.ಬಿ. ವಾರ್ಡ್ ಎಂಬ ಇಪ್ಪತ್ತನಾಲ್ಕು ವರ್ಷದ ಕಾರ್ಖಾನೆ ಕೆಲಸಗಾರ. ತಂಡ ಬೆಟ್ಟದ ಸೆರಗು ಹಿಡಿದು ಏರಿ, ಆಚೆ ಬದಿಯ ಹೇಫೀಲ್ಡ್ ಗ್ರಾಮಕ್ಕೆ ಇಳಿಯಿತು. ಅಲ್ಲಿಂದ ವಿಲಿಯಂ ಕ್ಲಫ್ ಎಂಬ ಕಣಿವೆಯಲ್ಲಿ ಮತ್ತೆ ಮೇಲೆ ಹತ್ತಿ, ಸ್ನೇಕ್ ಇನ್ ಎಂಬ ಒಂಟಿ ವಸತಿಗೃಹದಲ್ಲಿ ಚಹಾ ಕುಡಿದು, ಹೋಪ್ ನಿಲ್ದಾಣಕ್ಕೆ ನಡೆದು ಸಂಜೆಯ ರೈಲು ಹಿಡಿಯಿತು. ಒಟ್ಟು ದಾರಿ ಸುಮಾರು ಇಪ್ಪತ್ತು ಮೈಲಿ. ಮರುದಿನ ಸೋಮವಾರ, ಎಲ್ಲರೂ ಎಂದಿನಂತೆ ಕೆಲಸಕ್ಕೆ ಹೋದರು.

ಮೇಲುನೋಟಕ್ಕೆ ಇದರಲ್ಲಿ ಚರಿತ್ರೆಗೆ ಸೇರುವಂಥದ್ದು ಏನೂ ಇಲ್ಲ. ರಜೆಯ ದಿನ ಒಂದಷ್ಟು ಜನ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿ ಬಂದರು, ಅಷ್ಟೆ. ಆದರೆ ಆ ಹದಿನಾಲ್ಕು ಮಂದಿ ಕಿಂಡರ್ ಬೆಟ್ಟದ 'ಸುತ್ತ' ನಡೆದರೇ ಹೊರತು ಅದರ ನೆತ್ತಿಯ ಮೇಲೆ ನಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ಏಕೆಂದರೆ ನೆತ್ತಿಯ ಮೇಲೆ ಕಾಲಿಡುವ ಹಕ್ಕು ಅವರಿಗೆ ಇರಲಿಲ್ಲ. ಆ ಹಕ್ಕು ಜನಸಾಮಾನ್ಯರಿಗೆ ಸಂಪೂರ್ಣವಾಗಿ ದೊರೆಯುವಷ್ಟರಲ್ಲಿ ಒಂದು ಶತಮಾನ ಕಳೆಯಿತು. ಆ ನೂರು ವರ್ಷಗಳ ವ್ಯಾಜ್ಯದಲ್ಲಿ ವಾದಿಗಳ ಸ್ಥಾನದಲ್ಲಿ ನಿಂತದ್ದು ಹೆಚ್ಚಾಗಿ ಇಂಥ ಭಾನುವಾರದ ನಡಿಗೆ ಸಂಘಗಳು.

ಕಿಂಡರ್ ಸ್ಕೌಟ್ ಹಿಮಾಲಯವೇನಲ್ಲ. ಅದರ ಎತ್ತರ 636 ಮೀಟರು. ನಮ್ಮ ಮುಳ್ಳಯ್ಯನಗಿರಿಯ ಮೂರನೆಯ ಒಂದು ಭಾಗ. ತುದಿಯಲ್ಲಿ ಶಿಖರ ಎನ್ನುವಂಥದ್ದೂ ಇಲ್ಲ. ಕಪ್ಪು ಜವುಗುಮಣ್ಣಿನ ಮೇಲೆ ಹೆದರ್ ಪೊದೆ ಬೆಳೆದ ವಿಶಾಲವಾದ ಬೋಳು ಬಯಲು ಅದು. ಆದರೆ ಅದು ನಿಂತಿರುವ ಜಾಗ ವಿಶೇಷವಾದದ್ದು. ಒಂದು ಬದಿಗೆ ಹತ್ತಿ ಗಿರಣಿಗಳ ಮ್ಯಾಂಚೆಸ್ಟರ್, ಇನ್ನೊಂದು ಬದಿಗೆ ಚಾಕು ಚೂರಿ ಉಕ್ಕಿನ ಶೆಫೀಲ್ಡ್. ಹೊಗೆ ಕುಡಿದು ಬದುಕುತ್ತಿದ್ದ ಲಕ್ಷಾಂತರ ಜನರಿಗೆ ಅತಿ ಸಮೀಪದ ಶುದ್ಧ ಗಾಳಿ ಇದ್ದದ್ದು ಇಲ್ಲಿ.

ಒಂದು ಕಾಲಕ್ಕೆ ಈ ಬಯಲು ಸುತ್ತಲಿನ ಹಳ್ಳಿಗರ ದನಕುರಿ ಮೇಯುವ ತಾಣವಾಗಿತ್ತು. ನಮ್ಮ ಗೋಮಾಳಗಳನ್ನು ನೆನೆದರೆ ಅದರ ಸ್ವರೂಪ ತಿಳಿದೀತು. 18 ಮತ್ತು 19ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಂಸತ್ತು ಒಂದರ ಹಿಂದೊಂದು ಕಾಯಿದೆ ಮಾಡಿ ಇಂಥ ಭೂಮಿಗೆ ಬೇಲಿ ಹಾಕಿಸಿತು. ಹೆಚ್ಚಿನ ಪಾಲು ದೊಡ್ಡ ಜಮೀನುದಾರರ ಕೈಸೇರಿತು. ಕಿಂಡರ್ ಬೆಟ್ಟದ ಸರದಿ ಬಂದದ್ದು 19ನೆಯ ಶತಮಾನದ ಮೊದಲರ್ಧದಲ್ಲಿ. ಹೊಸ ಒಡೆಯರು ಅಲ್ಲಿ ಬೇಸಾಯ ಮಾಡಲಿಲ್ಲ, ಮಾಡುವಂಥ ನೆಲವೂ ಅದಲ್ಲ. ಅವರು ಸಾಕಿದ್ದು ಗ್ರೌಸ್ ಎಂಬ ಕಾಡುಕೋಳಿ ಜಾತಿಯ ಹಕ್ಕಿಯನ್ನು. ಪ್ರತಿ ವರ್ಷ ಆಗಸ್ಟ್ 12ರಂದು ಗ್ರೌಸ್ ಬೇಟೆಯ ಕಾಲ ಶುರು. ವರ್ಷಕ್ಕೆ ಹಲವೇ ದಿನ ನಡೆಯುವ ಆ ಬೇಟೆಗಾಗಿ ಉಳಿದೆಲ್ಲ ದಿನ ದೊಣ್ಣೆ ಹಿಡಿದ ಕಾವಲುಗಾರರು ಬೆಟ್ಟ ಕಾಯುತ್ತಿದ್ದರು. ಅಲ್ಲಲ್ಲಿ ಹಲಗೆ ನೆಟ್ಟಿದ್ದರು: ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಮೊಕದ್ದಮೆ ಹೂಡಲಾಗುವುದು.

ಈ ಹಲಗೆಯಲ್ಲಿ ಒಂದು ಸುಳ್ಳು ಅಡಗಿತ್ತು. ಇಂಗ್ಲೆಂಡಿನ ಕಾನೂನಿನಲ್ಲಿ ಇನ್ನೊಬ್ಬರ ನೆಲದ ಮೇಲೆ ಸುಮ್ಮನೆ ನಡೆದುಹೋಗುವುದು ಅಪರಾಧವಾಗಿರಲಿಲ್ಲ. ಅದು ಸಿವಿಲ್ ತಪ್ಪು ಮಾತ್ರ. ಪೊಲೀಸರು ಹಿಡಿದೊಯ್ಯುವಂತಿರಲಿಲ್ಲ. ಒಡೆಯ ನಷ್ಟಪರಿಹಾರ ಕೇಳಬಹುದಿತ್ತು ಅಥವಾ ಮುಂದೆ ಬಾರದಂತೆ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದಿತ್ತು. ಈ ಸೂಕ್ಷ್ಮವನ್ನು ಚೆನ್ನಾಗಿ ಬಲ್ಲ ಒಂದು ತಂಡ ಲಂಡನ್ನಿನಲ್ಲಿತ್ತು. ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್‌ಳ ತಂದೆ, ವಿದ್ವಾಂಸ ಹಾಗೂ ಪರ್ವತಾರೋಹಿ ಲೆಸ್ಲಿ ಸ್ಟೀಫನ್ 1879ರಲ್ಲಿ ಕಟ್ಟಿದ 'ಸಂಡೇ ಟ್ರ್ಯಾಂಪ್ಸ್', ಎಂದರೆ ಭಾನುವಾರದ ಅಲೆಮಾರಿಗಳು. ಸದಸ್ಯರಲ್ಲಿ ಪ್ರಾಧ್ಯಾಪಕರು, ಲೇಖಕರು, ವಕೀಲರು ತುಂಬಿದ್ದರು. ಅವರಲ್ಲೊಬ್ಬ ಫ್ರೆಡರಿಕ್ ಪೊಲಾಕ್. ಭಾರತದ ಕಾನೂನು ವಿದ್ಯಾರ್ಥಿಗಳು ಕರಾರು ಕಾಯಿದೆಗೆ ಇಂದಿಗೂ ತಿರುವಿಹಾಕುವ 'ಪೊಲಾಕ್ ಮತ್ತು ಮುಲ್ಲಾ' ಗ್ರಂಥದ ಪೊಲಾಕ್ ಈತನೇ.

ಈ ಅಲೆಮಾರಿಗಳು ಲಂಡನ್ನಿನ ಸುತ್ತಲಿನ ಹೊಲ ತೋಪುಗಳಲ್ಲಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿ ನಡೆಯುತ್ತಿದ್ದರು. ಅಡ್ಡದಾರಿ ಸಿಕ್ಕರೆ ಬೇಲಿ ದಾಟುವುದಕ್ಕೆ ಹಿಂಜರಿಯುತ್ತಿರಲಿಲ್ಲ. ಕಾವಲುಗಾರ ಅಡ್ಡಗಟ್ಟಿದಾಗ ಹೇಳಲೆಂದು ತಂಡದ ವಕೀಲರು ಒಂದು ಒಕ್ಕಣೆಯನ್ನೇ ಸಿದ್ಧಪಡಿಸಿದ್ದರು. ಈ ನೆಲದ ಮೇಲೆ ತಮಗೆ ದಾರಿಯ ಹಕ್ಕು ಇದೆಯೆಂದು ತಾವು ಯಾರೂ ಸಾಧಿಸುತ್ತಿಲ್ಲ, ಪರಿಹಾರಾರ್ಥವಾಗಿ ಈ ಒಂದು ಶಿಲ್ಲಿಂಗ್ ಸ್ವೀಕರಿಸಬೇಕು ಎಂಬುದು ಅದರ ತಾತ್ಪರ್ಯ. ಪರಿಹಾರ ಕೊಡಲು ಬಂದವನ ಮೇಲೆ ನಷ್ಟದ ದಾವೆ ನಿಲ್ಲದು. ಹಕ್ಕು ಸಾಧಿಸದವನ ಮೇಲೆ ತಡೆಯಾಜ್ಞೆ ಕೇಳಲು ಕಾರಣವಿಲ್ಲ. ವಕೀಲರ ಬುದ್ಧಿಯೇ ಬುದ್ಧಿ!

ಆದರೆ ಈ ಚತುರ ಒಕ್ಕಣೆಯ ಒಳಗೆ ಒಂದು ಶರಣಾಗತಿಯೂ ಇತ್ತು. ದಾರಿ ನಮ್ಮದಲ್ಲ ಎಂದು ಒಪ್ಪಿಕೊಂಡ ಮೇಲೆಯೇ ಅವರಿಗೆ ಹೋಗಲು ಬಿಡುವು. ಜೇಬಿನಲ್ಲಿ ಶಿಲ್ಲಿಂಗ್, ನಾಲಿಗೆಯಲ್ಲಿ ಇಂಗ್ಲಿಷ್ ಕಾನೂನು ಇದ್ದ ಮಹನೀಯರಿಗೆ ಅದು ಸಾಕಾಗಿತ್ತು. ಉತ್ತರದ ಕೈಗಾರಿಕಾ ಪಟ್ಟಣಗಳ ಕೂಲಿಗಾರನಿಗೆ ಎರಡೂ ಇರಲಿಲ್ಲ.

ಉತ್ತರದವರ ಹಾದಿಯೇ ಬೇರೆಯಾಗಿತ್ತು. ಮ್ಯಾಂಚೆಸ್ಟರಿನಲ್ಲಿ 1826ರಷ್ಟು ಹಿಂದೆಯೇ ಪ್ರಾಚೀನ ಕಾಲುದಾರಿಗಳ ರಕ್ಷಣೆಗೆಂದು ಒಂದು ಸಂಘ ಹುಟ್ಟಿತ್ತು. ಹಳ್ಳಿಯಿಂದ ಹಳ್ಳಿಗೆ, ಮನೆಯಿಂದ ಚರ್ಚಿಗೆ ಜನ ತಲೆತಲಾಂತರದಿಂದ ತುಳಿದ ದಾರಿಗೆ ಯಾರಾದರೂ ಬೇಲಿ ಹಾಕಿದರೆ ಅದು ನ್ಯಾಯಾಲಯಕ್ಕೆ ಹೋಗುತ್ತಿತ್ತು. 1894ರಲ್ಲಿ ಇದೇ ಉದ್ದೇಶದ ಮತ್ತೊಂದು ಸಂಘ ಪೀಕ್ ಜಿಲ್ಲೆಯ ಬೆಟ್ಟಗಳಿಗಾಗಿ ಸ್ಥಾಪನೆಯಾಯಿತು. ಹೇಫೀಲ್ಡಿನಿಂದ ವಿಲಿಯಂ ಕ್ಲಫ್ ಮೂಲಕ ಸ್ನೇಕ್ ಇನ್ನಿಗೆ ಹೋಗುವ ದಾರಿ 1897ರಲ್ಲಿ ಸಾರ್ವಜನಿಕರಿಗೆ ತೆರೆದದ್ದು ಅದರ ಮೊದಲ ದೊಡ್ಡ ಗೆಲುವು. ವಾರ್ಡ್ ತನ್ನ ಹದಿಮೂರು ಸಂಗಾತಿಗಳೊಡನೆ ಮೂರು ವರ್ಷದ ತರುವಾಯ ನಡೆದದ್ದು ಈ ದಾರಿಯಲ್ಲೇ. ಅದೇ 1894ರಲ್ಲಿ ಶೆಫೀಲ್ಡಿನಿಂದ ಈಡೇಲ್ ಕಣಿವೆಯ ಮೂಲಕ ಪ್ರಯಾಣಿಕರ ರೈಲೂ ಓಡತೊಡಗಿತ್ತು. ದಾರಿ ತೆರೆಯಿತು, ರೈಲು ಬಂತು. ನಡೆಯುವವರಿಗೆ ಇನ್ನೇನು ಬೇಕು?

ಬಿಡುವು ಬೇಕಲ್ಲ! 1850ರ ಫ್ಯಾಕ್ಟರಿ ಕಾಯಿದೆ ಜವಳಿ ಗಿರಣಿಯ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಿಸಿಕೊಟ್ಟಿತ್ತು. ಬೇರೆ ಕಸುಬುಗಳಿಗೂ ಅರ್ಧ ದಿನದ ರಜೆ ನಿಧಾನವಾಗಿ ಹಬ್ಬಿತು. ಪೂರ್ತಿ ದಿನ ಎಂದರೆ ಭಾನುವಾರ ಒಂದೇ. ಆ ದಿನ ಚರ್ಚಿಗೆ ಹೋಗದೆ ಬೆಟ್ಟ ಹತ್ತುವುದು ಆ ಕಾಲದ ದೈವಭಕ್ತರ ಕಣ್ಣಿಗೆ ಒಳ್ಳೆಯ ನಡತೆಯಾಗಿ ಕಾಣುತ್ತಿರಲಿಲ್ಲ. ಭಾನುವಾರದ ನಡಿಗೆ ಹೀಗೆ ಎರಡು ಬೇಲಿಗಳನ್ನು ಒಟ್ಟಿಗೇ ದಾಟಬೇಕಾಗಿತ್ತು.

ಜನಬಲದಿಂದ ದಾರಿ ತೆರೆಯುವ ಯತ್ನವೂ ಅದಾಗಲೇ ನಡೆದಿತ್ತು. ಲ್ಯಾಂಕಷೈರಿನ ಬೋಲ್ಟನ್ ಪಟ್ಟಣದ ಬಳಿಯ ವಿಂಟರ್ ಹಿಲ್ ಮೇಲಿನ ಹಳೆಯ ರಸ್ತೆಯನ್ನು ಕರ್ನಲ್ ಐನ್ಸ್‌ವರ್ತ್ ಎಂಬ ಜಮೀನುದಾರ ಮುಚ್ಚಿದಾಗ, 1896ರ ಸೆಪ್ಟೆಂಬರ್ 6ರ ಭಾನುವಾರ ಸುಮಾರು ಹತ್ತು ಸಾವಿರ ಜನ ಮೆರವಣಿಗೆ ಹೊರಟು ಗೇಟು ಮುರಿದು ನಡೆದರು. ಆದರೆ ನ್ಯಾಯಾಲಯ ಕರ್ನಲ್ಲನ ಪರ ತೀರ್ಪು ಕೊಟ್ಟಿತು. ಆ ದಾರಿ ಸಾರ್ವಜನಿಕ ಹಕ್ಕಿನ ದಾರಿಯೆಂದು ದಾಖಲಾದದ್ದು 1996ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ.

ಈ ಸೋಲಿನ ಹಿನ್ನೆಲೆಯಲ್ಲಿ ವಾರ್ಡ್‌ನ ರೀತಿಯನ್ನು ನೋಡಬೇಕು. ಮೊದಲ ನಡಿಗೆಯ ಬೆನ್ನಿಗೇ 'ಶೆಫೀಲ್ಡ್ ಕ್ಲಾರಿಯನ್ ರ‍್ಯಾಂಬ್ಲರ್ಸ್' ಎಂಬ ಸಂಘ ರೂಪುಗೊಂಡಿತು. ದುಡಿಯುವ ಜನರ ನಡಿಗೆ ಸಂಘಗಳಲ್ಲಿ ಅತಿ ಹಳೆಯವುಗಳಲ್ಲಿ ಇದೊಂದು. ಸಂಘದ ಆಸ್ತಿ ಎಂದರೆ ಜೇಬಿನಲ್ಲಿ ಹಿಡಿಸುವ ಒಂದು ಕೈಪಿಡಿ. ವರ್ಷದ ನಡಿಗೆಗಳ ಪಟ್ಟಿ, ರೈಲಿನ ವೇಳೆ, ದೂರ, ಚಹಾ ಸಿಗುವ ಜಾಗ, ಆ ದಿನದ ಮುಂದಾಳಿನ ಹೆಸರು ಎಲ್ಲವೂ ಅದರಲ್ಲಿ. ನಡುನಡುವೆ ಬೆಟ್ಟಗುಡ್ಡಗಳ ಹೆಸರಿನ ಮೂಲ, ಕಳೆದುಹೋದ ದಾರಿಗಳ ಕಥೆ, ಹಳೆಯ ದಾಖಲೆಗಳ ಸಾರ. ದಶಕಗಳ ಕಾಲ ವರ್ಷವರ್ಷವೂ ವಾರ್ಡ್ ತಾನೇ ಕೂತು ಅದನ್ನು ಸಂಪಾದಿಸಿದ. ಶಾಲೆಯ ಓದು ಹೆಚ್ಚಿಲ್ಲದಿದ್ದರೂ ಸ್ವಂತ ಆಸಕ್ತಿಯಿಂದ ಸ್ಪ್ಯಾನಿಷ್ ಕಲಿತು ಸ್ಪೇನಿನ ಬಗ್ಗೆ ಪುಸ್ತಕ ಬರೆದ ಮನುಷ್ಯ ಈತ. ಆ ಪರಿಶ್ರಮವನ್ನು ಊರಿನ ಬೆಟ್ಟದ ಮೇಲೂ ಸುರಿದ.

ಮುಂದಾಳು ಎಂದರೆ ಬರಿದೇ ದಾರಿ ತೋರುವವನಲ್ಲ. ಆ ದಿನ ತುಳಿಯುವ ನೆಲದ ಚರಿತ್ರೆಯನ್ನು ಮೊದಲೇ ಓದಿಕೊಂಡು ಬಂದು, ಊಟಕ್ಕೆ ಕೂತಾಗಲೋ ಬೆಟ್ಟದ ಕಲ್ಲಿನ ಮರೆಯಲ್ಲಿ ನಿಂತಾಗಲೋ ಹೇಳಬೇಕು. ಚೂರಿ ಸಾಣೆ ಹಿಡಿಯುವವ, ಗುಮಾಸ್ತೆ, ಅಂಗಡಿಯ ಹುಡುಗಿ, ಹೀಗೆ ಯಾರೇ ಕೇಳುಗರಿರಲಿ, ಎಲ್ಲರಿಗೂ ಅದು ಪಾಠಶಾಲೆ. ಈ ಪಾಠಕ್ಕೆ ಇನ್ನೊಂದು ಉಪಯೋಗವೂ ಇತ್ತು ಎಂಬುದು ಮುಖ್ಯ. ಉದಾಹರಣೆಗೆ, ಬೆಟ್ಟದ ಬಯಲುಗಳಲ್ಲಿ ಕವಲುದಾರಿ ಸೇರುವಲ್ಲಿ ಕಲ್ಲಿನ ಕಂಬಗಳನ್ನು ನಿಲ್ಲಿಸಬೇಕೆಂದು 1697ರ ಒಂದು ಕಾನೂನು ಹೇಳಿತ್ತು. ಡರ್ಬಿಷೈರಿನಲ್ಲಿ 1709ರ ಇಸವಿ ಕೆತ್ತಿದ ಇಂಥ ಕಂಬಗಳು ಹಲವಿವೆ. ಒಂದೊಂದು ಮುಖದಲ್ಲಿ ಒಂದೊಂದು ಪೇಟೆಯ ಹೆಸರು. ಅಂಥ ಕಲ್ಲೊಂದು ಹೆದರ್ ಪೊದೆಯ ನಡುವೆ ನಿಂತಿದ್ದರೆ ಅಲ್ಲೊಂದು ಕಾಲದಲ್ಲಿ ಜನ ತಿರುಗಾಡುವ ದಾರಿ ಇತ್ತೆಂದೇ ಅರ್ಥ. ಕುದುರೆಯ ಮೇಲೆ ಉಪ್ಪು ಹೇರಿಕೊಂಡು ಹೋದವರ ಜಾಡು, ಹಳೆಯ ನಕ್ಷೆಯ ಗೆರೆ, ಮುದುಕರ ನೆನಪು, ಇವನ್ನೆಲ್ಲ ವಾರ್ಡ್ ಕಲೆಹಾಕಿದ. ದಾರಿ ನಮ್ಮದಲ್ಲ ಎಂದು ಶಿಲ್ಲಿಂಗ್ ಕೊಟ್ಟವರು ಲಂಡನ್ನಿನವರು. ದಾರಿ ನಮ್ಮದೇ ಎಂದು ಕಲ್ಲಿನ ಸಾಕ್ಷಿ ತೋರಿಸಹೊರಟವರು ಇವರು.

ಒಡೆಯರಿಗೆ ಇದು ಹಿಡಿಸದಿದ್ದದ್ದು ಸಹಜ. 1923ರಲ್ಲಿ ಕಿಂಡರ್ ಬೆಟ್ಟದ ಜಮೀನುದಾರರು ವಾರ್ಡ್‌ನ ವಿರುದ್ಧ ತಡೆಯಾಜ್ಞೆ ತಂದರು. ಅವನು ತಾನೂ ಬೆಟ್ಟಕ್ಕೆ ಕಾಲಿಡುವಂತಿಲ್ಲ, ಇತರರನ್ನು ಪ್ರೇರೇಪಿಸುವಂತೆಯೂ ಇಲ್ಲ. ಗುಂಪು ನಡಿಗೆ ಒಂಟಿ ನಡಿಗೆಗಿಂತ ಯಾಕೆ ಬೇರೆ ಎಂಬುದಕ್ಕೆ ಈ ಆಜ್ಞೆಯೇ ನಿದರ್ಶನ. ಒಬ್ಬ ಅಲೆಮಾರಿ ಬೇಲಿ ದಾಟಿದರೆ ಅದು ಅವನ ಚಪಲ. ಮುದ್ರಿತ ಕೈಪಿಡಿಯಲ್ಲಿ ದಿನಾಂಕ ಸಾರಿ, ಮೂವತ್ತು ಜನ ಒಂದೇ ದಾರಿಯಲ್ಲಿ ಪ್ರತಿ ವರ್ಷ ನಡೆದರೆ ಅದು ರೂಢಿಯಾಗುತ್ತದೆ, ರೂಢಿ ಹಕ್ಕಾಗುತ್ತದೆ.

ಇದು ಮಾತಿನ ಚಮತ್ಕಾರವಲ್ಲ, ಕಾನೂನೇ ಹೀಗಿದೆ. ಇಂಗ್ಲೆಂಡಿನ 1932ರ ದಾರಿಹಕ್ಕು ಕಾಯಿದೆಯ ಪ್ರಕಾರ ಜನ ಇಪ್ಪತ್ತು ವರ್ಷ ತಡೆಯಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ, ಹಕ್ಕಿನಿಂದಲೆಂಬಂತೆ ನಡೆದ ದಾರಿಯನ್ನು ಒಡೆಯ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾನೆಂದೇ ಭಾವಿಸಬೇಕು. ಅಪ್ಪಣೆ ಕೇಳಿ ನಡೆದರೆ ಲೆಕ್ಕಕ್ಕಿಲ್ಲ! ವಿನಯವಂತನಿಗೆ ಇಲ್ಲಿ ನಷ್ಟವೇ ಹೆಚ್ಚು.

ಇಪ್ಪತ್ತು ವರ್ಷದ ಈ ಲೆಕ್ಕ ನಮ್ಮ ರೈತರಿಗೂ ಹೊಸದಲ್ಲ. ಬ್ರಿಟಿಷರು ತಂದ 1882ರ ಈಸ್‌ಮೆಂಟ್ ಕಾಯಿದೆಯಲ್ಲೂ ಅಷ್ಟೇ ಅವಧಿ ಇದೆ. ಅದು ಮೊದಲಿಗೆ ಜಾರಿಯಾದ ಪ್ರದೇಶಗಳಲ್ಲಿ ಕೊಡಗು ಒಂದು. ದಕ್ಷಿಣ ಕನ್ನಡ, ಬಳ್ಳಾರಿಗಳನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತ ಇನ್ನೊಂದು. ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಪಕ್ಕದವನು ಉತ್ತುಬಿಟ್ಟಾಗ ಇಂದಿಗೂ ವಕೀಲರು ತೆಗೆಯುವುದು ಈ ಕಾಯಿದೆಯನ್ನೇ. ಗ್ರಾಮನಕ್ಷೆಯಲ್ಲಿ ಗುರುತಾದ ದಾರಿಗೆ 'ನಕಾಶೆ ಕಂಡ ದಾರಿ' ಎಂಬ ಸೊಗಸಾದ ಹೆಸರೇ ಕಂದಾಯ ಇಲಾಖೆಯ ಭಾಷೆಯಲ್ಲಿದೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಈಸ್‌ಮೆಂಟ್ ಹಕ್ಕು ತನ್ನ ಜಮೀನಿಗೆ ಹೋಗಬೇಕಾದವನಿಗೆ ಸೇರಿದ್ದು. ಎಲ್ಲಿಯೂ ಜಮೀನಿಲ್ಲದ, ಎಲ್ಲಿಗೂ ಹೋಗಬೇಕಾದ ಕೆಲಸವಿಲ್ಲದ, ಬರೀ ಸಂತೋಷಕ್ಕೆ ನಡೆಯುವವನ ಹಕ್ಕಿನ ಪ್ರಶ್ನೆ ಅದರಲ್ಲಿ ಏಳುವುದಿಲ್ಲ.

ವಾರ್ಡ್‌ನ ವಿಧಾನದ ಮಿತಿಯೂ ಇದೇ. ಹಳೆಯ ದಾರಿ ಇದ್ದ ಕಡೆ ಅದನ್ನು ಸಾಬೀತು ಮಾಡಬಹುದು. ಕಿಂಡರ್ ನೆತ್ತಿಯಂಥ ದಾರಿಯೇ ಇಲ್ಲದ ಬಯಲಿನಲ್ಲಿ ಸಾಬೀತು ಮಾಡುವುದೇನನ್ನು? ಅದಕ್ಕೆ ಹೊಸ ಕಾನೂನೇ ಬೇಕು. ಜೇಮ್ಸ್ ಬ್ರೈಸ್ ಎಂಬ ಸಂಸತ್ ಸದಸ್ಯ 1884ರಲ್ಲೇ ಬೆಟ್ಟಗಳಿಗೆ ಮುಕ್ತ ಪ್ರವೇಶ ಕೊಡುವ ಮಸೂದೆ ತಂದಿದ್ದ. ಅದು ಬಿತ್ತು, ಮತ್ತೆ ಮತ್ತೆ ತಂದರೂ ಮತ್ತೆ ಮತ್ತೆ ಬಿತ್ತು. ಸಂಸತ್ತಿನಲ್ಲಿ ಗ್ರೌಸ್ ಬೇಟೆಗಾರರಿಗೇನು ಕಡಿಮೆಯೇ!

ಇಷ್ಟರಲ್ಲಿ ಕಾಲ ಬದಲಾಯಿತು. 1930ರ ಸುಮಾರಿಗೆ ನಿರುದ್ಯೋಗ ವಿಪರೀತವಾಗಿ, ಮ್ಯಾಂಚೆಸ್ಟರ್ ಶೆಫೀಲ್ಡ್‌ಗಳ ಯುವಕರಿಗೆ ಬಿಡುವು ಬೇಡವೆಂದರೂ ಸಿಕ್ಕಿತು. ರೈಲ್ವೆಯವರು ಅಗ್ಗದ ಟಿಕೆಟು ಕೊಟ್ಟರು. ಭಾನುವಾರ ಬೆಳಿಗ್ಗೆ ಸಾವಿರಾರು ಜನ ಬೆನ್ನಚೀಲ ಹೊತ್ತು ಬೆಟ್ಟದ ಕಡೆ ಹೊರಡುತ್ತಿದ್ದರು. ಅಷ್ಟೂ ಜನ ಒಂದೇ ಕಿರಿದಾದ ಕಾಲುದಾರಿಯಲ್ಲಿ ಸಾಲಾಗಿ ನಡೆಯಬೇಕು. ಎರಡೂ ಬದಿಯ ವಿಶಾಲ ಬಯಲಿಗೆ ಕಾಲಿಟ್ಟರೆ ಕಾವಲುಗಾರನ ದೊಣ್ಣೆ. ನಡಿಗೆ ಸಂಘಗಳ ಒಕ್ಕೂಟ 1926ರಿಂದ ಪ್ರತಿ ವರ್ಷ ವಿನ್ಯಾಟ್ಸ್ ಕಣಿವೆಯಲ್ಲಿ ಬಹಿರಂಗ ಸಭೆ ಸೇರಿ ಠರಾವು ಪಾಸು ಮಾಡುತ್ತಿತ್ತು. ಠರಾವುಗಳಿಂದ ಬೇಲಿ ಅಲುಗಲಿಲ್ಲ.

1932ರ ಈಸ್ಟರ್ ವೇಳೆಗೆ ಕಮ್ಯುನಿಸ್ಟ್ ಒಲವಿನ ಬ್ರಿಟಿಷ್ ವರ್ಕರ್ಸ್ ಸ್ಪೋರ್ಟ್ಸ್ ಫೆಡರೇಷನ್ನಿನ ಯುವಕರ ಒಂದು ತಂಡವನ್ನು ಕಾವಲುಗಾರರು ಬ್ಲೀಕ್ಲೋ ಬೆಟ್ಟದಿಂದ ಹಿಂದಕ್ಕಟ್ಟಿದರು. ನಾವು ಐದಾರು ಜನ ಇದ್ದೆವು, ಓಡಿಸಿದರು. ನೂರಾರು ಜನ ಇದ್ದರೆ? ಹೀಗೆ ಯೋಚಿಸಿದವನು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತು ವರ್ಷದ ಮೆಕ್ಯಾನಿಕ್. ಏಪ್ರಿಲ್ 24ರ ಭಾನುವಾರ ಕಿಂಡರ್ ಬೆಟ್ಟಕ್ಕೆ ಸಾಮೂಹಿಕ ಅತಿಕ್ರಮ ಪ್ರವೇಶ ಎಂದು ಮೊದಲೇ ಸಾರಿದರು. ರೈಲು ನಿಲ್ದಾಣದಲ್ಲಿ ಪೊಲೀಸರು ಕಾಯುತ್ತಾರೆಂದು ಊಹಿಸಿ ರಾಥ್‌ಮನ್ ಸೈಕಲ್ ತುಳಿದು ಹೇಫೀಲ್ಡ್ ಸೇರಿದ. ಊರಿನ ಮೈದಾನದಲ್ಲಿ ಸಭೆಗೆ ನಿಷೇಧವಿತ್ತು. ಜನ ಬೌಡನ್ ಬ್ರಿಜ್ ಬಳಿಯ ಹಳೆಯ ಕಲ್ಲುಕ್ವಾರಿಗೆ ಹೋದರು. ಅವನು ಬಂಡೆಯ ಮೇಲೆ ನಿಂತು ಮಾತಾಡಿದ. ಸುಮಾರು ನಾನೂರು ಜನ ಇದ್ದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಎಲ್ಲರೂ ವಿಲಿಯಂ ಕ್ಲಫ್ ದಾರಿಯಲ್ಲಿ ಏರಿ, ಒಂದು ಹಂತದಲ್ಲಿ ದಾರಿ ಬಿಟ್ಟು ನೇರ ಇಳಿಜಾರಿಗೆ ನುಗ್ಗಿದರು. ಕಾವಲುಗಾರರೊಡನೆ ತಳ್ಳಾಟವಾಯಿತು, ಒಬ್ಬನ ಕಾಲಿಗೆ ಪೆಟ್ಟಾಯಿತು. ಈಡೇಲ್ ಕಡೆಯಿಂದ ಬಂದಿದ್ದ ಶೆಫೀಲ್ಡಿನ ತಂಡ ಮೇಲೆ ಇವರನ್ನು ಕೂಡಿಕೊಂಡಿತು. ಮುಂದೆ ದಂತಕಥೆಯೇ ಆದ ಈ ನಡಿಗೆ ಬೆಟ್ಟದ ಅತ್ಯುನ್ನತ ಸ್ಥಳವನ್ನು ಮುಟ್ಟಲೇ ಇಲ್ಲ ಎಂಬುದು ಒಂದು ತಮಾಷೆ.

ಕೆಳಗಿಳಿದಾಗ ಪೊಲೀಸರು ಸಿದ್ಧರಿದ್ದರು. ಬೇಲಿ ದಾಟುವುದು ಅಪರಾಧವಲ್ಲವಾದ್ದರಿಂದ ಹೊರಿಸಿದ ಆಪಾದನೆ ದೊಂಬಿ ಮತ್ತು ಹಲ್ಲೆಯದು. ಜುಲೈಯಲ್ಲಿ ಡರ್ಬಿಯಲ್ಲಿ ವಿಚಾರಣೆ. ಅವರನ್ನು ವಿಚಾರಣೆಗೆ ಒಪ್ಪಿಸಿದ ಗ್ರ್ಯಾಂಡ್ ಜ್ಯೂರಿಯಲ್ಲಿ ತುಂಬಿದ್ದವರು ಸೇನೆಯ ಅಧಿಕಾರಿಗಳು ಮತ್ತು ಹಳ್ಳಿಗಾಡಿನ ಜಮೀನುದಾರರು. ಆರು ಮಂದಿಯಲ್ಲಿ ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸ ವಿಧಿಸಲಾಯಿತು. ರಾಥ್‌ಮನ್‌ಗೆ ನಾಲ್ಕು ತಿಂಗಳು.

ನಡಿಗೆ ಸಂಘಗಳ ಒಕ್ಕೂಟ ಏನು ಮಾಡಿತು? ಈ ಪ್ರಕರಣಕ್ಕೂ ತಮಗೂ ಸಂಬಂಧವಿಲ್ಲ ಎಂದಿತು. ವರ್ಷಗಟ್ಟಲೆ ಜಮೀನುದಾರರೊಡನೆ ಮಾತುಕತೆ ನಡೆಸಿ ಅಷ್ಟಿಷ್ಟು ಅನುಮತಿ ಗಳಿಸಿದ್ದವರಿಗೆ, ನಾಲ್ಕು ಗಂಟೆಯ ಗದ್ದಲದಿಂದ ಎಲ್ಲವೂ ಮಣ್ಣುಪಾಲಾಯಿತೆಂಬ ಸಿಟ್ಟು. ಅದನ್ನು ಬರಿಯ ಹೇಡಿತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ವಿಲಿಯಂ ಕ್ಲಫ್ ದಾರಿಯನ್ನು ತೆರೆಸಿದವರು ಮಾತುಕತೆಯವರೇ. ಆ ದಾರಿ ಇಲ್ಲದಿದ್ದರೆ ರಾಥ್‌ಮನ್‌ನ ಪಡೆಗೆ ಬೆಟ್ಟದ ಬುಡಕ್ಕೆ ಹೋಗುವುದೂ ಕಷ್ಟವಿತ್ತು. ಇತ್ತ ಶಿಕ್ಷೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಮಾತುಕತೆಯವರ ಬಲವೂ ಹೆಚ್ಚಿತು. ನಡೆದದ್ದಕ್ಕೆ ಜೈಲೇ ಎಂದು ಗುಡ್ಡದ ಸಹವಾಸವೇ ಇಲ್ಲದವರೂ ಕೇಳತೊಡಗಿದರು. ಆ ವರ್ಷ ವಿನ್ಯಾಟ್ಸ್ ಸಭೆಗೆ ಹತ್ತು ಸಾವಿರದಷ್ಟು ಜನ ಸೇರಿದ್ದರು. ಯಾರಿಂದ ಜಯ ಬಂತು ಎಂಬ ಜಗಳ ಇಂಗ್ಲೆಂಡಿನ ನಡಿಗೆ ಸಂಘಗಳಲ್ಲಿ ಇಂದಿಗೂ ಮುಗಿದಿಲ್ಲ.

ಇಬ್ಬರ ನಡುವೆ ಮೂರನೆಯ ದಾರಿಯೊಂದನ್ನು ಹಿಡಿದವಳು ಎಥೆಲ್ ಹೇಥಾರ್ನ್‌ತ್‌ವೇಟ್. ಹುಟ್ಟುಮನೆಯ ಹೆಸರು ವಾರ್ಡ್ ಎಂದೇ ಆದರೂ ಜಿ.ಎಚ್.ಬಿ. ವಾರ್ಡ್‌ಗೆ ನೆಂಟಳಲ್ಲ, ಶೆಫೀಲ್ಡಿನ ಶ್ರೀಮಂತ ವ್ಯಾಪಾರಿಯ ಮಗಳು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಗಂಡನನ್ನು ಕಳೆದುಕೊಂಡಾಗ ಆಕೆಗೆ ಇಪ್ಪತ್ತಮೂರರ ಹರೆಯ. ದುಃಖದಿಂದ ಕುಗ್ಗಿದವಳನ್ನು ಮನೆಯವರು ಬೆಟ್ಟದ ನಡಿಗೆಗೆ ಹಚ್ಚಿದರು. ಅಲ್ಲಿ ಆಕೆಗೆ ಜೀವ ಬಂತು. 1924ರಲ್ಲಿ ಊರಿನ ಸುತ್ತಲಿನ ನಿಸರ್ಗ ರಕ್ಷಣೆಗೆ ಸಂಘ ಕಟ್ಟಿದಳು. ಡ್ಯೂಕ್ ಆಫ್ ರಟ್ಲೆಂಡ್ ಮಾರಾಟಕ್ಕಿಟ್ಟ ಲಾಂಗ್‌ಷಾ ಎಸ್ಟೇಟಿನ 747 ಎಕರೆಯನ್ನು ಚಂದಾ ಎತ್ತಿ ಕೊಳ್ಳುವುದರಲ್ಲಿ ಈ ಸಂಘದ್ದೇ ಮುಖ್ಯ ಪಾತ್ರ. 1931ರಲ್ಲಿ ಅದು ನ್ಯಾಷನಲ್ ಟ್ರಸ್ಟಿಗೆ ಸೇರಿ ಎಲ್ಲರದೂ ಆಯಿತು. ಬೇಲಿಯನ್ನು ಮುರಿಯಲೂ ಇಲ್ಲ, ಒಡೆಯನನ್ನು ಬೇಡಲೂ ಇಲ್ಲ. ದುಡ್ಡು ಕೊಟ್ಟು ಬಿಡಿಸಿಕೊಂಡರು. ರಾಷ್ಟ್ರೀಯ ಉದ್ಯಾನಗಳ ಯೋಜನೆಗೆಂದು ಎರಡನೆಯ ಮಹಾಯುದ್ಧದ ಬಳಿಕ ಸರಕಾರ ರಚಿಸಿದ ಸಮಿತಿಯಲ್ಲಿ ಆಕೆಗೂ ಸ್ಥಾನ ದೊರೆಯಿತು.

ಆ ಯುದ್ಧ ಮುಗಿದ ವರ್ಷ, 1945ರಲ್ಲಿ, ಶೆಫೀಲ್ಡಿನ ನಡಿಗೆಗಾರರು ಹಣ ಕೂಡಿಸಿ ಲೂಸ್ ಹಿಲ್ ಬೆಟ್ಟದ ತುದಿಯ 54 ಎಕರೆ ಕೊಂಡು ವಾರ್ಡ್‌ಗೆ ಕಾಣಿಕೆಯಾಗಿ ಕೊಟ್ಟರು. ಒಂದು ಕಾಲಕ್ಕೆ ಎದುರಿನ ಬೆಟ್ಟದಿಂದ ನ್ಯಾಯಾಲಯದ ಆಜ್ಞೆಯ ಮೂಲಕ ಹೊರಗಿಡಲ್ಪಟ್ಟವನು ಹೀಗೆ ಒಂದು ಬೆಟ್ಟದ ಒಡೆಯನಾದ. ಅವನು ಆ ಪತ್ರಗಳನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದ. ಆ ಜಾಗಕ್ಕೆ ಈಗಲೂ 'ವಾರ್ಡ್ಸ್ ಪೀಸ್' ಎಂದೇ ಹೆಸರು. 1957ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾನಿಲಯ ಗೌರವ ಎಂ.ಎ. ಪದವಿ ಕೊಟ್ಟಿತು, ಅದೇ ವರ್ಷ ಅವನು ತೀರಿಕೊಂಡ.

ಅಷ್ಟರಲ್ಲಿ ಕಾನೂನೂ ಬಂದಿತ್ತು. 1949ರ ಕಾಯಿದೆ ರಾಷ್ಟ್ರೀಯ ಉದ್ಯಾನಗಳಿಗೆ ಅವಕಾಶ ಮಾಡಿತು. ಪ್ರತಿ ಜಿಲ್ಲೆಯ ಕಾಲುದಾರಿಗಳನ್ನೂ ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕೆಂದಿತು. 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು ಪೀಕ್ ಜಿಲ್ಲೆಯೇ. ಕಿಂಡರ್ ನೆತ್ತಿಗೆ ಹೋಗಲು ಜಮೀನುದಾರರೊಡನೆ ಒಪ್ಪಂದಗಳಾದವು. ಅದೇ 1949ರಲ್ಲಿ ನಮ್ಮ ಮೈಸೂರಿನಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಆರಂಭವಾಯಿತು. ಜರ್ಮನಿಯಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಮೇಷ್ಟರ ತಲೆಯಲ್ಲಿ 1909ರಲ್ಲಿ ಮೊಳೆತು, 1930ರಲ್ಲಿ ಇಂಗ್ಲೆಂಡಿಗೆ ಬಂದು, ಒಂದು ಶಿಲ್ಲಿಂಗಿಗೆ ಒಂದು ರಾತ್ರಿ ತಂಗುವ ಸೌಕರ್ಯವಾಗಿ ಬೆಳೆದ ಚಳವಳಿಯ ಕೊಂಬೆ ಅದು. ಕನ್ನಡನಾಡಿನ ಎಷ್ಟೋ ಹುಡುಗ ಹುಡುಗಿಯರ ಮೊದಲ ಚಾರಣ ಅದರ ಘಟಕಗಳ ಮೂಲಕವೇ ನಡೆದಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಟ್ಟಬಯಲುಗಳಲ್ಲಿ ದಾರಿಯ ಹಂಗಿಲ್ಲದೆ ಎಲ್ಲಿ ಬೇಕಾದರೂ ನಡೆಯುವ ಹಕ್ಕು ದೊರೆತದ್ದು 2000ನೆಯ ಇಸವಿಯ ಕಾಯಿದೆಯಿಂದ, ವಾರ್ಡ್‌ನ ಮೊದಲ ನಡಿಗೆಗೆ ನೂರು ತುಂಬಿದ ವರ್ಷ. ಅದೂ ಇಂಗ್ಲೆಂಡಿನ ನೆಲದಲ್ಲಿ ಶೇಕಡಾ ಎಂಟರಷ್ಟಕ್ಕೆ ಮಾತ್ರ. ನೆರೆಯ ಸ್ಕಾಟ್‌ಲ್ಯಾಂಡ್ 2003ರಲ್ಲಿ ಹೆಚ್ಚು ಉದಾರವಾಗಿ, ಜವಾಬ್ದಾರಿಯಿಂದ ನಡೆಯುವವರಿಗೆ ಬಹುಪಾಲು ನೆಲವನ್ನು ತೆರೆಯಿತು. 2002ರ ಏಪ್ರಿಲ್‌ನಲ್ಲಿ, ಸಾಮೂಹಿಕ ಪ್ರವೇಶದ ಎಪ್ಪತ್ತನೆಯ ವರ್ಷದ ಸಮಾರಂಭಕ್ಕೆ ಬಂದ ಡೆವನ್‌ಷೈರಿನ ಡ್ಯೂಕ್ ತನ್ನ ಅಜ್ಜ ಮಾಡಿದ್ದು ತಪ್ಪೆಂದು ಬಹಿರಂಗವಾಗಿ ಕ್ಷಮೆ ಕೋರಿದ. ಆ ಮಾತು ಕೇಳಲು ರಾಥ್‌ಮನ್ ಇರಲಿಲ್ಲ. ಅದೇ ಜನವರಿಯಲ್ಲಿ ಕಣ್ಣುಮುಚ್ಚಿದ್ದ.

ನಮ್ಮಲ್ಲಿ ಈ ಪ್ರಶ್ನೆಯ ಮುಖವೇ ಬೇರೆ. ಪಶ್ಚಿಮಘಟ್ಟದ ಬೆಟ್ಟಗಳನ್ನು ಕಾಯುವವನು ಹೆಚ್ಚಾಗಿ ಬೇಟೆಯ ಜಮೀನುದಾರನಲ್ಲ, ಅರಣ್ಯ ಇಲಾಖೆ. ಕಾಯುವುದು ಬೇಟೆಗಾಗಿಯಲ್ಲ, ಬೇಟೆಯಾಗದಿರಲೆಂದು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಅನುಮತಿ ಬೇಕು. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಜನಜಾತ್ರೆಯೇ ನೆರೆದಾಗ, ಮುಂಗಡ ಆನ್‌ಲೈನ್ ನೋಂದಣಿಯ ವ್ಯವಸ್ಥೆ ಇಲ್ಲದ ಕಡೆ ಸರಕಾರ ಚಾರಣವನ್ನು ಕೆಲಕಾಲ ನಿಲ್ಲಿಸಿತು. ಅಲ್ಲಿ ಕೆಟ್ಟದ್ದು ಒಡೆಯನ ಮರ್ಜಿಯಿಂದಲ್ಲ, ಕಾಲುಗಳ ಸಂಖ್ಯೆಯಿಂದ.

ಕಾಲುಗಳ ಸಂಖ್ಯೆ ಕಿಂಡರ್ ಬೆಟ್ಟವನ್ನೂ ಬಿಟ್ಟಿಲ್ಲ. ಈಡೇಲ್ ಹಳ್ಳಿಯಿಂದ ಹೊರಟು ಸ್ಕಾಟ್‌ಲ್ಯಾಂಡ್ ಗಡಿಯವರೆಗೆ 268 ಮೈಲಿ ಸಾಗುವ 'ಪೆನ್ನೈನ್ ವೇ' ಕಾಲುದಾರಿ 1965ರ ಏಪ್ರಿಲ್ 24ರಂದು ಉದ್ಘಾಟನೆಯಾದ ಮೇಲೆ ನಡೆಯುವವರು ಇನ್ನೂ ಹೆಚ್ಚಿದರು. ಮೆದುವಾದ ಜವುಗುಮಣ್ಣು ಬೂಟುಗಳ ತುಳಿತಕ್ಕೆ ಕೊಚ್ಚಿಹೋಗಿ, ಕಾಲುದಾರಿ ಕೆಸರಿನ ಅಗಲ ಹೊಂಡವಾಯಿತು. ದಾರಿಗೆ ಕಲ್ಲು ಹಾಸುವುದೊಂದೇ ಉಪಾಯವಾಗಿತ್ತು. ಬೆಟ್ಟದ ಮೇಲಕ್ಕೆ ರಸ್ತೆ ಇಲ್ಲದ್ದರಿಂದ ಚಪ್ಪಡಿಗಳನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ತಂದು ಇಳಿಸಿದರು. ಅವುಗಳಲ್ಲಿ ಬಹಳಷ್ಟು ಬಂದದ್ದು ಉತ್ತರ ಇಂಗ್ಲೆಂಡಿನ ಮುಚ್ಚಿದ ಬಟ್ಟೆ ಗಿರಣಿಗಳ ನೆಲದಿಂದ. ಕೆಲವು ಚಪ್ಪಡಿಗಳಲ್ಲಿ ಯಂತ್ರಗಳನ್ನು ಬಿಗಿದ ಬೋಲ್ಟುಗಳ ತೂತು ಇನ್ನೂ ಕಾಣುತ್ತದೆ. ಮಳೆ ಬಂದಾಗ ಅದರಲ್ಲಿ ನೀರು ನಿಲ್ಲುತ್ತದೆ.